ಬುರುಜಿನ ಸಂದು ಮುಚ್ಚಿಸಿದ್ದು

ಆ ಬುರುಜಿನ ಸಂದುಗಳನ್ನು ಮುಚ್ಚಿಸಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡಬೇಕು. ಆಮೇಲೆ ಆದದ್ದನ್ನೆಲ್ಲ ಮಳೆಯ ಮೇಲೆ ಹಾಕುವುದು ಸುಲಭವಿತ್ತು, ಹಾಗೆ ಹಾಕಿಬಿಡಿ ಎಂದವರೂ ಇದ್ದರು.

ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಬರುವ ದಾರಿಯಲ್ಲಿ ಒಳಕ್ಕೆ ತಿರುಗಿದರೆ ಸಿಗುವ ಸಣ್ಣ ಊರು ಅದು. ಹೆಸರು ಬೇಡ. ಒಂದು ಕಾಲದಲ್ಲಿ ಊರಿನ ಸುತ್ತ ಕೋಟೆಯಿತ್ತು. ಈಗ ಉಳಿದಿರುವುದು ಒಂದಿಷ್ಟು ಗೋಡೆ, ಮಣ್ಣು ತುಂಬಿ ಹೊಲವಾಗಿಹೋದ ಕಂದಕ, ಮೂಲೆಯಲ್ಲೊಂದು ದುಂಡನೆಯ ಬುರುಜು. ಊರಿನವರು ಅದನ್ನು ಬತ್ತೇರಿ ಎನ್ನುತ್ತಾರೆ. ಇಪ್ಪತ್ತೆರಡು ಅಡಿ ಎತ್ತರ. ಹೊರಗೆ ಒಂದರ ಮೇಲೊಂದು ಸಾಲಾಗಿ ಕಡಿದು ಕೂರಿಸಿದ ಕಲ್ಲಿನ ವರಸೆಗಳು, ಒಳಗೆ ಬರೀ ಮಣ್ಣು ಮತ್ತು ಕಲ್ಲುಚೂರು. ಬುರುಜಿನ ಬುಡಕ್ಕೆ ಅಂಟಿಕೊಂಡಂತೆ ಒಂದು ಮನೆಯಿತ್ತು. ಅಂಟಿಕೊಂಡಂತೆ ಏನು, ಅಂಟಿಕೊಂಡೇ ಇತ್ತು. ಅಡುಗೆಮನೆಯ ಹಿಂದಿನ ಗೋಡೆಯೇ ಬುರುಜಾಗಿತ್ತು. ಅಲ್ಲಿ ಒಲೆಯ ಹೊಗೆ ಹಿಡಿದು ಕಲ್ಲುಗಳು ಎಣ್ಣೆ ಹಚ್ಚಿದ ಹಾಗೆ ಮಿರಮಿರ ಮಿಂಚುತ್ತಿದ್ದವು.

ನಾನು ಗುತ್ತಿಗೆಯ ಮೇಲೆ ನೇಮಕವಾದ ಸಂರಕ್ಷಣಾ ಎಂಜಿನಿಯರ್. ಇಲ್ಲಿಗೆ ಬರುವ ಮುಂಚೆ ಕರಾವಳಿಯ ಒಂದು ಕೋಟೆಯಲ್ಲಿ ಎರಡು ವರ್ಷ ದುಡಿದಿದ್ದೆ. ಅಲ್ಲಿ ಕಡಲಿಗೆ ಮುಖ ಮಾಡಿ ನಿಂತ ಬುರುಜುಗಳ ಶತ್ರು ಹೊರಗಿತ್ತು. ಅಲೆ ಬಡಿದು ಉಪ್ಪುನೀರು ಸಂದಿನೊಳಗೆ ನುಗ್ಗುತ್ತಿತ್ತು, ಗಾರೆಯನ್ನು ತಿಂದುಹಾಕುತ್ತಿತ್ತು. ಸಂದನ್ನು ಆಳಕ್ಕೆ ಕೆರೆದು, ಗಟ್ಟಿ ಗಾರೆ ತುಂಬಿ, ಎಲ್ಲೂ ಬಿಡದಂತೆ ಮುಚ್ಚುವುದೇ ನಮ್ಮ ಕೆಲಸ. ಅದು ಮುರಕಲ್ಲಿನ, ಅಂದರೆ ತೂತುತೂತಿನ ಕೆಂಪುಕಲ್ಲಿನ ಕೋಟೆ. ಕಲ್ಲೇ ನೀರು ಕುಡಿದು ಕಲ್ಲೇ ನೀರು ಬಿಡುತ್ತದೆ, ಸಂದು ಮುಚ್ಚಿದರೂ ಒಳಗಿನ ಪಸೆ ಹೇಗೋ ಹೊರಗೆ ಬರುತ್ತದೆ. ಆ ಪಾಠವನ್ನು ಹಾಗೇ ಹೊತ್ತು ತಂದು ಈ ಕರಿಕಲ್ಲಿನ ಬುರುಜಿಗೆ ಬಳಿದೆ. ಈ ಕಲ್ಲು ಒಂದು ಹನಿ ನೀರನ್ನೂ ತನ್ನೊಳಗೆ ಬಿಟ್ಟುಕೊಳ್ಳುವುದಿಲ್ಲ, ನೀರಿಗಿರುವ ದಾರಿ ಸಂದು ಮಾತ್ರ ಎಂಬುದು ಓದಿದವಳಾದ ನನಗೆ ಹೊಳೆಯಲಿಲ್ಲ.

ಮಾರ್ಚ್‌ನಲ್ಲಿ ಕೆಲಸ ಶುರು ಮಾಡಿದ್ದು. ಮೇಸ್ತ್ರಿ ತಮಿಳುನಾಡಿನ ಗಡಿಯ ಕಡೆಯವರು, ಅರವತ್ತರ ಆಸುಪಾಸು. ಸುಣ್ಣ ನೆನೆಹಾಕುವುದು, ಗಾಣದಲ್ಲಿ ಅರೆಸುವುದು, ಬೆಲ್ಲದ ನೀರಿಗೆ ಕಡುಕ್ಕಾಯಿ ಜಜ್ಜಿ ಹಾಕುವುದು ಎಲ್ಲ ಅವರ ಕೈಯಲ್ಲೇ. ಅಳಲೆಕಾಯಿಗೆ ಅವರು ಕೊನೆಯವರೆಗೂ ಕಡುಕ್ಕಾಯಿ ಎಂದೇ ಅನ್ನುತ್ತಿದ್ದರು. ಮೊದಲ ವಾರದಲ್ಲೇ ಅವರು ಕೇಳಿದ್ದರು.

"ಮೇಡಮ್, ಅಲ್ಲಲ್ಲಿ ಒಂದೊಂದು ಸಂದು ಬುಡನ?"

"ಯಾಕೆ?"

"ಸುಮ್ಕೆ. ನಮ್ಮಪ್ಪ ಬುಡ್ತಿದ್ದ."

"ಕಾರಣ ಗೊತ್ತಾ ನಿಮಗೆ?"

"ಅದ್ ಗೊತ್ತಿಲ್ಲ."

ಕಾರಣ ಗೊತ್ತಿಲ್ಲದ್ದನ್ನು ನಾನು ಒಪ್ಪಲಿಲ್ಲ. ನಾನೇ ಬರೆದ ನಕ್ಷೆಯಲ್ಲಿ ಪೂರ್ತಿ ಎಂದಿತ್ತು, ಪೂರ್ತಿ ಮುಚ್ಚಿಸಿದೆ. ಬುರುಜಿನ ತಲೆಯ ಮೇಲಿದ್ದ ಅರಳಿ ಗಿಡವನ್ನು ಬುಡಸಮೇತ ತೆಗೆಸಿ ಆ ಗುಂಡಿಗೆ ಗಚ್ಚು ಹಾಕಿಸಿದೆ. ಅಡುಗೆಮನೆಯೊಳಗಿನ ಕಲ್ಲುಗಳ ಸಂದನ್ನೂ ಬಿಡಲಿಲ್ಲ. ಆ ಮನೆಯ ಹೆಂಗಸಿಗೆ ನಲವತ್ತೈದರ ಮೇಲಿರಬೇಕು. ಅರಿಶಿನ ಬೇಯಿಸುವ ಕಡೆ ಕೂಲಿಗೆ ಹೋಗುತ್ತಿದ್ದವರು, ಬೆರಳ ಸಂದೆಲ್ಲ ಸದಾ ಹಳದಿ. ಗಂಡ ಲಾರಿಯಲ್ಲಿ ಕೇರಳಕ್ಕೆ ತರಕಾರಿ ಒಯ್ಯುವ ಡ್ರೈವರ್, ವಾರಕ್ಕೊಮ್ಮೆ ಬಂದರೆ ಬಂದ. ಅತ್ತೆಗೆ ಸೊಂಟದ ಮೂಳೆ ಮುರಿದು ಮುಂದಿನ ಕೋಣೆಯ ಮಂಚದಲ್ಲೇ ಎಲ್ಲ. ಅಡುಗೆಮನೆಯ ಕೆಲಸ ಮುಗಿದ ದಿನ ಆ ಹೆಂಗಸು ನನಗೆ ಕಾಫಿ ಕೊಟ್ಟು, "ಬತ್ತೇರಿ ಮದುವೆ ಎಣ್ಣಿನಂಗೆ ಆಯ್ತು ಕಣವ್ವ" ಅಂದಿದ್ದರು. ನಾನು ಗೋಡೆ ತಟ್ಟಿ, "ಇನ್ನು ಐವತ್ತು ವರ್ಷ ಇದಕ್ಕೇನೂ ಆಗಲ್ಲ" ಅಂದಿದ್ದೆ.

ಅಕ್ಟೋಬರಿನಲ್ಲಿ ಮಳೆ ಹಿಡಿದುಕೊಂಡಿತು. ಒಂದು ಬೆಳಿಗ್ಗೆ ಮೇಸ್ತ್ರಿಯ ಫೋನು.

"ಮೇಡಮ್, ಬತ್ತೇರಿ ಒಟ್ಟೆ ಮುಂದಕ್ ಬಂದದೆ. ನೀವ್ ಒಂದ್ಸಲ ಬನ್ನಿ."

ಚಾಮರಾಜನಗರದಿಂದ ಗುಂಡ್ಲುಪೇಟೆ ಬಸ್ಸು ಹಿಡಿದು ಹೊರಟೆ. ಬಸ್ಸಿನಲ್ಲಿ ಕೂತು ಮೇಸ್ತ್ರಿಗೆ ವಯಸ್ಸಾಯಿತು, ಕಣ್ಣಿಗೆ ಏನೋ ಕಂಡಿರುತ್ತದೆ ಎಂದುಕೊಂಡೆ. ಮೇಲಿನ ಕಲ್ಲಿನಿಂದ ತೂಗುಗುಂಡು ಇಳಿಬಿಟ್ಟು ಅಳೆದೆ. ಬೇಸಿಗೆಯಲ್ಲಿ ನಾನೇ ಬರೆದುಕೊಂಡಿದ್ದ ಗೋಡೆಯ ಹೊಟ್ಟೆಯ ಉಬ್ಬು ಮೂರು ಇಂಚು. ಈಗ ಐದೂವರೆ. ಅದೂ ನೆಲದಿಂದ ಏಳೆಂಟು ಅಡಿಯ ಮೇಲೆ, ನೇರವಾಗಿ ಆ ಮನೆಯ ಮಾಡಿನ ನೆತ್ತಿಗೆ. ಉಬ್ಬಿನ ಪಕ್ಕದಲ್ಲಿ ಮೇಲಿಂದ ಕೆಳಕ್ಕೆ ಕಿರುಬೆರಳು ತೂರುವಷ್ಟು ಬಿರುಕು.

ಬಿರುಕಿನ ಅಡ್ಡಕ್ಕೆ ಮೂರು ಕಡೆ ಗಾಜಿನ ಪಟ್ಟಿಗಳನ್ನು ಗಾರೆಯಲ್ಲಿ ಅಂಟಿಸಿದೆವು. ಗೋಡೆ ನಿಂತಿದ್ದರೆ ಗಾಜು ಉಳಿಯುತ್ತದೆ, ಗೋಡೆ ನಡೆಯುತ್ತಿದ್ದರೆ ಗಾಜು ಒಡೆಯುತ್ತದೆ. ಸಂಜೆ ನಾಲ್ಕರ ಹೊತ್ತಿಗೆ ಮೇಲಿನ ಪಟ್ಟಿ ಒಡೆದಿತ್ತು. ಮಾರನೆಯ ಬೆಳಿಗ್ಗೆ ಉಳಿದೆರಡೂ.

ಮೈಸೂರಿನಲ್ಲಿದ್ದ ಮೇಲಧಿಕಾರಿಗೆ ಫೋನು ಮಾಡಿದೆ. ಫೋಟೋ, ಅಳತೆ ಎಲ್ಲ ಕಳಿಸಿದೆ. ಅವರು ಕೆಟ್ಟವರಲ್ಲ, ಆದರೆ ಒಂದು ಕಲ್ಲು ಅಲುಗಿದರೂ ಹತ್ತು ಕಡೆ ಉತ್ತರ ಹೇಳಬೇಕಾದವರು.

"ತಜ್ಞರ ಸಮಿತಿ ನಾಲ್ಕು ದಿನದಲ್ಲಿ ಬರುತ್ತೆ. ಅಲ್ಲೀತನಕ ಆಸರೆ ಕೊಡಿ, ಟಾರ್ಪಾಲು ಹೊದೆಸಿ. ಒಂದು ಕಲ್ಲನ್ನೂ ಮುಟ್ಟಬೇಡಿ."

"ಸರ್, ನಾಲ್ಕು ದಿನ ನಿಲ್ಲುತ್ತೋ ಇಲ್ವೋ."

"ಬರವಣಿಗೇಲಿ ಕಳಿಸ್ತೀನಿ. ಅದರ ಪ್ರಕಾರ ಮಾಡಿ."

ಆಸರೆ ಕೊಡಲು ಹೊರಟೆವು. ನೀಲಗಿರಿ ಕಂಬಗಳನ್ನು ತಂದು ಓರೆಯಾಗಿ ಕೊಡಬೇಕು, ಕಂಬದ ಬುಡ ಗಟ್ಟಿ ನೆಲದಲ್ಲಿ ಕೂರಬೇಕು. ಆದರೆ ಉಬ್ಬಿನ ಮುಂದೆ ನೆಲವೇ ಇರಲಿಲ್ಲ, ಮನೆಯಿತ್ತು. ಪಕ್ಕಗಳಲ್ಲಿ ನಿಲ್ಲಿಸಿದ ಎರಡು ಕಂಬಗಳ ಬುಡ ಮಧ್ಯಾಹ್ನದೊಳಗೆ ಕೆಸರಿನಲ್ಲಿ ಗೇಣುದ್ದ ಹೂತುಹೋಯಿತು. ಕೆಳಗೆ ಕಲ್ಲು ಚಪ್ಪಡಿ ಹಾಕಿ ಮತ್ತೆ ನಿಲ್ಲಿಸಿದೆವು, ಚಪ್ಪಡಿಯೇ ಜಾರಿತು. ಮೇಲೆ ಹೊದೆಸಿದ ಟಾರ್ಪಾಲನ್ನು ಗಾಳಿ ಎಳೆದುಕೊಂಡು ಹೋಗಿ ಕಂದಕದ ಜೋಳದ ಮೇಲೆ ಎಸೆಯಿತು. ಮೇಸ್ತ್ರಿಯ ಇಬ್ಬರು ಆಳುಗಳು ಓಡಿಹೋಗಿ ತಂದರು, ಮರಳ ಚೀಲ ಹೇರಿ ಕಟ್ಟಿದೆವು. ಅಷ್ಟರಲ್ಲಿ ಉಬ್ಬು ಆರು ಇಂಚು ದಾಟಿತ್ತು.

ಮೇಲೆ ನೀರು ಬೀಳದಂತೆ ತಡೆದ ಮೇಲೂ ಯಾಕೆ ಬೆಳೆಯುತ್ತಿದೆ? ಮೇಲಿನ ಗಚ್ಚಿನಲ್ಲಿ ಬಿರುಕಿದ್ದುದನ್ನು ನೋಡಿದ್ದೆ. ಅರಳಿ ಬೇರಿನ ಗುಂಡಿ ಮತ್ತೆ ಬಾಯಿ ಬಿಟ್ಟಿತ್ತು, ಒಂದು ವಾರದ ಮಳೆ ಅಲ್ಲಿಂದಲೇ ಒಳಗೆ ಇಳಿದಿತ್ತು. ಆದರೆ ಇಳಿದ ನೀರು ಎಲ್ಲಿ ಹೋಯಿತು? ಬುಡದಲ್ಲೆಲ್ಲೂ ಪಸೆಯಿಲ್ಲ. ಸುತ್ತು ಹೊಡೆದೆ, ಕಲ್ಲು ಮುಟ್ಟಿ ನೋಡಿದೆ. ನನ್ನ ಗಾರೆ ಎಲ್ಲೂ ಬಿಟ್ಟಿರಲಿಲ್ಲ. ನಾಚಿಕೆಯ ಮಾತು, ಆ ಕ್ಷಣ ಅದನ್ನು ಕಂಡು ನನಗೆ ಸ್ವಲ್ಪ ಹೆಮ್ಮೆಯೇ ಆಗಿತ್ತು.

ಮೂರನೆಯ ಬೆಳಿಗ್ಗೆ ಮನೆ ಖಾಲಿ ಮಾಡಿಸಲು ಹೋದೆ. ದಸರಾ ರಜೆ, ಊರಿನ ಶಾಲೆ ಖಾಲಿಯಿತ್ತು. ಪಂಚಾಯಿತಿಯವರು ಬೀಗದ ಕೈ ಕೊಟ್ಟಿದ್ದರು. ಆ ಹೆಂಗಸು ಅಡುಗೆಮನೆಯಲ್ಲಿ ರಾಗಿಮುದ್ದೆ ಕಟ್ಟುತ್ತಿದ್ದರು.

"ನಾವೆಲ್ಲಿಗ್ ಓಗನವ್ವ? ನಮ್ಮತ್ತೆನ ಎತ್ತುದ್ರೆ ಅರಚ್ಕತದೆ. ಓದ್ಸಲ ಆಸ್ಪತ್ರೆಗ್ ಒತ್ಕೊಂಡೋಗಿ ಸಾಯೋ ಅಂಗ್ ಆಗಿತ್ತು."

"ಗೋಡೆ ಮುಂದಕ್ಕೆ ಬರ್ತಿದೆ ಅಮ್ಮ. ಅಪಾಯ."

"ನೀವೇ ಅಲ್ವ ರಿಪೇರಿ ಮಾಡುದ್ದು? ಐವತ್ತೊರ್ಸ ಅಂದ್ರಲ್ಲ." ಅವರು ಕೈ ತೊಳೆದುಕೊಂಡು ಹಿಂದಿನ ಗೋಡೆ ತೋರಿಸಿದರು. "ನೋಡಿ, ಎಷ್ಟ್ ಒಣ ಇದೆ. ಮೊದ್ಲು ಮಳೆ ಬಂದ್ರೆ ಈ ಸಂದು, ಆ ಸಂದು, ಎಲ್ಲಾ ಕಡೆನೂ ಕೆಂಪ್ ನೀರು ತೊಟ್ಟಿಕ್ಕದು. ಮೂರು ಪಾತ್ರೆ ಇಡ್ತಿದ್ದೆ. ಒಲೆನೇ ಅತ್ತುತಿರ್ನಿಲ್ಲ. ಈ ಸಲ ಒಂದ್ ತೊಟ್ಟೂ ಬರ್ನಿಲ್ಲ. ನಿಮ್ಮನ್ನ ನೆನಸ್ಕೊಳ್ಳದ ದಿನ ಇಲ್ಲ ಕಣವ್ವ."

ಅವರು ಹೊಗಳುತ್ತಿದ್ದರು. ನಾನು ಆ ಒಣ ಸಂದಿನ ಮೇಲೆ ಕೈ ಇಟ್ಟೆ. ಆ ಮೂರು ಪಾತ್ರೆಗಳ ನೀರು, ಇಷ್ಟು ವರ್ಷ ಈ ಸಂದುಗಳಲ್ಲಿ ಇಳಿದುಹೋಗುತ್ತಿದ್ದ ನೀರು, ಈಗ ಪೂರ್ತಿ ಒಳಗೇ ಇತ್ತು. ಮಣ್ಣು ನೀರು ಕುಡಿದು ಗಂಜಿಯಾಗಿ ಕಲ್ಲನ್ನು ಹೊರಕ್ಕೆ ದಬ್ಬುತ್ತಿತ್ತು. ಮಳೆ ನಿಂತರೂ ಅದು ನಿಲ್ಲುವಂತಿರಲಿಲ್ಲ.

ಹೊರಗೆ ಬಂದು ಮೇಸ್ತ್ರಿಗೆ ಹೇಳಿದೆ. ಅವರು ಹಚ್ಚದ ಬೀಡಿಯನ್ನು ಕಿವಿಗೆ ಸಿಕ್ಕಿಸಿದರು.

"ನಮ್ಮಪ್ಪ ಅದ್ಕೇ ಬುಡ್ತಿದ್ನೇನೊ," ಅಂದರು. "ಈಗ ಸಂದು ಬುಡ್ಸದಾ?"

"ಬಿಡಿಸಬಹುದಾ?"

"ಒಟ್ಟೆ ಮೇಲೆ ಉಳಿ ಇಟ್ರೆ ಅದು ನಮ್ ಮೇಲೇ ಬತ್ತದೆ ಮೇಡಮ್. ಮೊದ್ಲು ತಲೆ ಭಾರ ಇಳಿಸ್ಬೇಕು. ಮೇಲಿನ್ ನಾಕ್ ವರಸೆ ತಗುದ್ಬುಟ್ರೆ, ಆಮೇಲೆ ಪಕ್ಕದಿಂದ ತೂತು ಒಡೀಬೌದು. ನಿಲ್ತದೆ ಅಂತ ಏಳಕ್ಕಿಲ್ಲ."

ಅಷ್ಟರಲ್ಲಿ ಮೇಲಧಿಕಾರಿಯ ಪತ್ರ ಫೋನಿಗೆ ಬಂದಿತ್ತು. ಸಮಿತಿಯ ಪರಿಶೀಲನೆಯ ಮುಂಚೆ ಸ್ಮಾರಕದ ಯಾವ ಭಾಗವನ್ನೂ ಬಿಚ್ಚತಕ್ಕದ್ದಲ್ಲ. ನಾನು ಶಾಲೆಯ ಜಗಲಿಯ ಮೇಲೆ ಕೂತು ಅದನ್ನು ಎಷ್ಟು ಸಲ ಓದಿದೆನೋ. ಪತ್ರದ ಪ್ರಕಾರ ನಡೆದು ಗೋಡೆ ಬಿದ್ದರೆ ನನ್ನ ತಪ್ಪಿಲ್ಲ. ಬಿಚ್ಚಿ, ಬಿಚ್ಚುವಾಗಲೇ ಬಿದ್ದರೆ ನಾನೇ ಕೆಡವಿದ ಹಾಗೆ. ಎರಡನೆಯದನ್ನು ಯೋಚಿಸುವಾಗ ವರದಿಯಲ್ಲಿ ನನ್ನ ಹೆಸರು ಕಾಣುತ್ತಿತ್ತು. ಮೊದಲನೆಯದನ್ನು ಯೋಚಿಸುವಾಗ ಆ ಮುದುಕಿ ಮಂಚದ ಮೇಲೆ ಮಲಗಿದ್ದು ಕಾಣುತ್ತಿತ್ತು.

ಮತ್ತೆ ಆ ಮನೆಗೆ ಹೋದೆ. ಈ ಸಲ ನೇರ ಮುಂದಿನ ಕೋಣೆಗೆ, ಮಂಚದ ಹತ್ತಿರಕ್ಕೆ. ಸೊಸೆಯನ್ನೂ ಕರೆದೆ.

"ನಾನು ಮಾಡಿದ್ದು ತಪ್ಪಾಯಿತು," ಅಂದೆ. "ಸಂದು ಮುಚ್ಚಬಾರದಿತ್ತು. ನೀರು ಹೋಗೋ ದಾರಿನೇ ನಾನು ಮುಚ್ಚಿದೀನಿ. ಮಳೆಯಿಂದ ಅಲ್ಲ, ನನ್ನ ಕೆಲಸದಿಂದ ಗೋಡೆ ಬೀಳ್ತಾ ಇದೆ. ನಾನು ರಿಪೇರಿ ಮಾಡಿದೀನಿ ಅಂತ ನೀವು ಇಲ್ಲೇ ಇದ್ದರೆ ಸತ್ತುಹೋಗ್ತೀರಿ."

ಸೊಸೆ ನನ್ನ ಮುಖ ನೋಡಿದರು. ನಗುವೋ ಸಿಟ್ಟೋ ಏನೂ ಇರಲಿಲ್ಲ ಅಲ್ಲಿ. ಗುರುತು ಸಿಗದವರನ್ನು ನೋಡುವ ಹಾಗೆ ನೋಡಿದರು. ಮಾತಾಡಿದ್ದು ಮುದುಕಿ.

"ಏನಮ್ಮಿ, ಏನಂತೆ ಅವಮ್ಮಂದು?"

"ಬತ್ತೇರಿ ಬೀಳ್ತದಂತೆ ಅತ್ತೆ. ಇವರೇ ಕೆಡ್ಸವ್ರಂತೆ."

ಮುದುಕಿ ಮಾಡಿನ ಕಡೆ ನೋಡಿದರು. "ಅಂಗಾರೆ ಮಂಚ ಸಮೇತ ಎತ್ತಿ," ಅಂದರು. "ನನ್ನೊಬ್ಳನ್ನ ಎತ್ತಬ್ಯಾಡಿ."

ಮಂಚ ಬಾಗಿಲಲ್ಲಿ ಹಿಡಿಸಲಿಲ್ಲ. ಮೇಸ್ತ್ರಿ ಬಾಗಿಲಿನ ಚೌಕಟ್ಟಿನ ಒಂದು ಪಕ್ಕದ ಇಟ್ಟಿಗೆಯನ್ನೇ ಹಾರೆಯಿಂದ ಮೀಟಿ ತೆಗೆದರು. ಮೆಲ್ಲಗೆ, ಒಂದೊಂದೇ ಇಟ್ಟಿಗೆ, ಹಿಂದಿನ ಗೋಡೆಗೆ ಅದುರು ತಟ್ಟದಂತೆ. ಆರು ಜನ ಸೇರಿ ಮಂಚ ಎತ್ತಿದೆವು. ನಾನು ತಲೆಯ ಕಡೆ ಹಿಡಿದಿದ್ದೆ. ಮುದುಕಿ ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಶಾಲೆಯವರೆಗೂ ಸದ್ದು ಮಾಡಲಿಲ್ಲ. ಶಾಲೆಯ ಕೋಣೆಯಲ್ಲಿ ಮಂಚ ಇಳಿಸಿದ ಮೇಲೆ ಒಂದೇ ಸಲ ಅರಚಿದರು. ಆ ಕೂಗು ನನಗೆ ಈಗಲೂ ಕೇಳಿಸುತ್ತದೆ.

ಆಮೇಲೆ ಮೇಲಧಿಕಾರಿಗೆ ಫೋನು ಮಾಡಿದೆ.

"ಸರ್, ಮೇಲಿನ ನಾಲ್ಕು ವರಸೆ ಬಿಚ್ಚುತ್ತಿದೀನಿ."

"ಪತ್ರ ಬಂದಿಲ್ವಾ ನಿಮಗೆ?"

"ಬಂದಿದೆ ಸರ್. ಓದಿದೀನಿ."

ಅವರು, "ನಾನು ಈ ಫೋನ್ ತಗೊಂಡಿಲ್ಲ" ಎಂದು ಇಟ್ಟುಬಿಟ್ಟರು.

ನಾಲ್ಕನೆಯ ದಿನ ಬೆಳಕು ಹರಿದ ಕೂಡಲೇ ಶುರು ಮಾಡಿದೆವು. ಬುರುಜಿನ ಹಿಂದಿನಿಂದ, ಗಟ್ಟಿಯಾಗಿದ್ದ ಕಡೆಯಿಂದ ಸಾರ್ವೆ ಕಟ್ಟಿ ಮೇಲೆ ಹತ್ತಿದ್ದು. ಪ್ರತಿ ಕಲ್ಲಿಗೂ ನಂಬರು. ಬಣ್ಣ ಮಳೆಯಲ್ಲಿ ನಿಲ್ಲುತ್ತಿರಲಿಲ್ಲ, ಹಾಗಾಗಿ ತಗಡಿನ ಚೂರಿಗೆ ಮೊಳೆಯಿಂದ ಕೊರೆದು ತಂತಿಯಲ್ಲಿ ಕಟ್ಟಿದೆವು. ವರಸೆ ಒಂದು, ಕಲ್ಲು ಒಂದು. ವರಸೆ ಒಂದು, ಕಲ್ಲು ಎರಡು. ಹಾರೆ ಹಾಕಿ ಮೀಟುವುದು, ಹಗ್ಗ ತೂರಿಸುವುದು, ಮೂರುಕಾಲಿನ ಕಂಬಕ್ಕೆ ಕಟ್ಟಿದ ಚೈನ್ ಪುಲ್ಲಿಯಲ್ಲಿ ಎತ್ತಿ ಹಿಂದಕ್ಕೆ ಇಳಿಸುವುದು. ಒಂದು ಕಲ್ಲಿಗೆ ಅರ್ಧ ಗಂಟೆ. ಸುತ್ತಿಗೆ ಏಟು ಹಾಕುವಂತಿಲ್ಲ. ನನ್ನದೇ ಗಾರೆಯನ್ನು ಗರಗಸದ ಅಲಗಿನಿಂದ ಕೊಯ್ದು ತೆಗೆಯಬೇಕಾಗಿತ್ತು. ಎಷ್ಟು ಗಟ್ಟಿ ಬಿದ್ದಿತ್ತೆಂದರೆ ಮೂರು ಅಲಗು ಮುರಿದವು.

ಮಧ್ಯಾಹ್ನದೊಳಗೆ ಒಂದೇ ವರಸೆ ಮುಗಿಯಿತು. ಮೂರು ಗಂಟೆಗೆ ಮತ್ತೆ ಮಳೆ. ಎರಡನೆಯ ವರಸೆ ತೆಗೆದಾಗ ಒಳಗಿನ ಮಣ್ಣು ಕಂಡಿತು. ಮೇಸ್ತ್ರಿ ಅದರೊಳಗೆ ಹಾರೆ ನಿಲ್ಲಿಸಿ ಕೈ ಬಿಟ್ಟರು. ಹಾರೆ ತನ್ನ ಭಾರಕ್ಕೇ ಮೊಣಕಾಲುದ್ದ ಇಳಿಯಿತು.

"ಇದು ಮಣ್ಣಲ್ಲ ಮೇಡಮ್, ಪಾಯ್ಸ," ಅಂದರು.

ನಾಲ್ಕು ವರಸೆ ಆಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಾಯಿತು. ಎರಡಕ್ಕೇ ನಿಲ್ಲಿಸಿ ಇಳಿದೆವು. ಉಬ್ಬಿನ ಪಕ್ಕದಲ್ಲಿ, ಮನೆಯಿಂದ ಆಚೆ, ಸೊಂಟದೆತ್ತರದ ಒಂದು ಸಂದನ್ನು ಮೇಸ್ತ್ರಿ ಆರಿಸಿಕೊಂಡರು. ಉದ್ದನೆಯ ಕಬ್ಬಿಣದ ಸಲಾಕೆಯನ್ನು ತಿರುಗಿಸುತ್ತಾ ತಿರುಗಿಸುತ್ತಾ ಒಳಕ್ಕೆ ಬಿಟ್ಟರು. ನಾನು ಅವರ ಸೊಂಟಕ್ಕೆ ಹಗ್ಗ ಕಟ್ಟಿ ಇನ್ನೊಂದು ತುದಿ ಹಿಡಿದು ನಿಂತಿದ್ದೆ. ಗೋಡೆ ಬಂದರೆ ಎಳೆಯಬೇಕು; ಎಳೆದು ಪ್ರಯೋಜನವಿತ್ತೋ ಇಲ್ಲವೋ ಗೊತ್ತಿರಲಿಲ್ಲ. ಎರಡು ಅಡಿ ಹೋದ ಮೇಲೆ ಸಲಾಕೆ ಸಡಿಲವಾಯಿತು. ಹೊರಗೆಳೆದರೆ ಹಿಂದೆಯೇ ಕೆಂಪು ನೀರು ಚಿಮ್ಮಿ ಅವರ ಎದೆಗೆ ಬಡಿಯಿತು. ಆ ನೀರು ಒಂದು ಗಂಟೆ ನಿಲ್ಲದೆ ಸುರಿಯಿತು. ಇನ್ನೆರಡು ತೂತು ಮಾಡಿದೆವು. ಸಂಜೆಯ ಅಳತೆಯಲ್ಲಿ ಉಬ್ಬು ಬೆಳೆದಿರಲಿಲ್ಲ. ಮೂರು ದಿನದಲ್ಲಿ ಮೊದಲ ಸಲ ನನಗೆ ಹಸಿವಾಯಿತು.

ಐದನೆಯ ಬೆಳಿಗ್ಗೆ ಏಳೂವರೆಗೆ ಅದು ಬಿತ್ತು. ನಾವು ಶಾಲೆಯ ಮುಂದೆ ಟೀ ಕುಡಿಯುತ್ತಿದ್ದೆವು. ಸಿಡಿಲಿನ ಹಾಗೇನೂ ಸದ್ದಾಗಲಿಲ್ಲ, ಲಾರಿಯಿಂದ ಜಲ್ಲಿ ಸುರಿದ ಹಾಗೆ, ಅಷ್ಟೆ. ಓಡಿ ಹೋಗಿ ನೋಡಿದರೆ ಬುರುಜಿನ ಮುಖ ಪೂರ್ತಿ ಕುಸಿದು ಅಡುಗೆಮನೆಯ ಮೇಲೆ ಕೂತಿತ್ತು. ತಲೆಯ ಭಾರ ಇಳಿಸಿದ್ದರಿಂದಲೋ, ನೀರು ಬಿಟ್ಟಿದ್ದರಿಂದಲೋ, ಅದು ಮುಂದಕ್ಕೆ ಮಗುಚಿಕೊಳ್ಳದೆ ಇದ್ದಲ್ಲೇ ಕುಸಿದಿತ್ತು. ಮುಂದಿನ ಕೋಣೆಯ ಗೋಡೆಗಳು ನಿಂತಿದ್ದವು, ಮಂಚವಿದ್ದ ಜಾಗದಲ್ಲಿ ತೊಲೆಯೊಂದು ಮುರಿದು ಬಿದ್ದಿತ್ತು. ಅಕ್ಕಪಕ್ಕದ ಮನೆಗಳಿಗೆ ಒಂದು ಕಲ್ಲೂ ಹೋಗಿರಲಿಲ್ಲ. ಯಾರಿಗೂ ಏನೂ ಆಗಿರಲಿಲ್ಲ. ಮೇಸ್ತ್ರಿ ತಲೆಗೆ ಕಟ್ಟಿದ್ದ ಟವೆಲು ತೆಗೆದು ಮುಖ ಒತ್ತಿಕೊಂಡರು.

ಕುಸಿದ ಬಾಯಲ್ಲಿ, ಬುಡವೂ ಕಿತ್ತುಬಂದಿದ್ದ ಕಡೆ, ನೆಲದ ಮಟ್ಟಕ್ಕಿಂತ ಎರಡು ಅಡಿ ಕೆಳಗೆ, ಒಂದು ಕಲ್ಲಿನ ತೂಬು ಕಾಣಿಸಿತು. ಗೇಣಗಲ, ನಾಜೂಕಾಗಿ ಕೊರೆದದ್ದು, ಕಂದಕದ ಕಡೆಗೆ ನೀರು ಇಳಿಯುವಂತೆ ವಾಟ ಕೊಟ್ಟದ್ದು. ಕಟ್ಟಿದವರು ನೀರಿಗೆ ದಾರಿ ಬಿಟ್ಟೇ ಕಟ್ಟಿದ್ದರು. ಕಂದಕ ತುಂಬಿ ತೂಬು ಹೂತ ಮೇಲೆ ನೀರು ಸಂದುಗಳನ್ನು ಹುಡುಕಿಕೊಂಡಿತ್ತು. ಬೇಸಿಗೆಯಲ್ಲಿ ಬುಡದಲ್ಲಿ ಎರಡು ಅಡಿ ಅಗೆಸಿದ್ದರೆ ನನಗದು ಸಿಗುತ್ತಿತ್ತು. ಅಗೆಸುವ ಯೋಚನೆಯೇ ಬಂದಿರಲಿಲ್ಲ.

ಮಧ್ಯಾಹ್ನ ಸಮಿತಿ ಬಂತು, ಫೋಟೋ ತೆಗೆದುಕೊಂಡು ಹೋಯಿತು. ಮುಂದಿನ ವಾರ ಚಾಮರಾಜನಗರದ ಕಚೇರಿಯಲ್ಲಿ ವರದಿಯ ನಮೂನೆ ಮುಂದಿಟ್ಟುಕೊಂಡು ಕೂತೆ. ಮೈಸೂರಿನಿಂದ ಬಂದಿದ್ದ ಮೇಲಧಿಕಾರಿ ಎದುರು ಕುರ್ಚಿಯಲ್ಲಿದ್ದರು. ಕುಸಿತಕ್ಕೆ ಕಾರಣ ಎಂಬ ಕಡೆಗೆ ಬೆರಳಿಟ್ಟು, "ಅತಿವೃಷ್ಟಿ ಅಂತ ಬರೀರಿ. ಸುಳ್ಳೇನಲ್ಲವಲ್ಲ" ಅಂದರು. ನನ್ನನ್ನು ಉಳಿಸಲೆಂದೇ ಹೇಳಿದ್ದು, ಅದು ನನಗೆ ಗೊತ್ತು. ನಾನು ಬರೆದೆ: ಸಂದುಗಳನ್ನು ಪೂರ್ತಿ ಮುಚ್ಚಿದ್ದು, ನೀರು ಹೊರಹೋಗಲು ದಾರಿ ಇಲ್ಲವಾದದ್ದು, ತೀರ್ಮಾನ ನನ್ನದು. ಅನುಮತಿಯಿಲ್ಲದೆ ಎರಡು ವರಸೆ ಬಿಚ್ಚಿಸಿದ್ದನ್ನೂ ಬರೆದೆ. ಅವರು ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇನ್ನು ಈ ಸೈಟಿಗೆ ಬೇರೆಯವರು ಬರ್ತಾರೆ. ನಕ್ಷೆಗಳನ್ನ ಅವರಿಗೆ ಒಪ್ಪಿಸಿಬಿಡಿ."

ಒಪ್ಪಿಸಲು ಹೋದ ದಿನ ಮಳೆ ಬಿಟ್ಟಿತ್ತು. ಹೊಸ ಎಂಜಿನಿಯರನಿಗೆ ತಗಡಿನ ನಂಬರುಗಳ ಪಟ್ಟಿ ಕೊಟ್ಟು, ತೂಬು ತೋರಿಸಿ, ಮನೆಯಿದ್ದ ಕಡೆ ಬಂದೆ. ಆ ಹೆಂಗಸು ಕುಸಿದ ಅಡುಗೆಮನೆಯಲ್ಲಿ ಒಬ್ಬರೇ ಕಲ್ಲು ಸರಿಸುತ್ತಿದ್ದರು. ಮುದುಕಿಯನ್ನು ಊರಾಚೆ ಒಂದು ಬಾಡಿಗೆ ಮನೆಗೆ ಸಾಗಿಸಿದ್ದಾರೆಂದು ಮೇಸ್ತ್ರಿ ಹೇಳಿದ್ದರು. ನಾನು ನಿಂತೆ. ಅವರು ನನ್ನನ್ನು ನೋಡಿದರು, ಮತ್ತೆ ಬಗ್ಗಿ ಕೆಸರಿನಲ್ಲಿ ಹೂತಿದ್ದ ಏನನ್ನೋ ಅಲುಗಾಡಿಸಿದರು. ರುಬ್ಬುವ ಒರಳು. ಒಡೆದಿರಲಿಲ್ಲ.

"ಆ ಕಡೆ ಇಡ್ಕಳಿ," ಅಂದರು.

ಇಬ್ಬರೂ ಎತ್ತಿದೆವು. ದಾರಿಯಲ್ಲಿ ಎರಡು ಸಲ ಇಳಿಸಿ ಉಸಿರು ತೆಗೆದುಕೊಂಡೆವು. ಬಾಡಿಗೆ ಮನೆಯ ಹಿತ್ತಲಲ್ಲಿ ಕೂರಿಸಿದ ಮೇಲೆ ಅವರು ಕೊಡದಲ್ಲಿ ನೀರು ತಂದು ಒರಳಿನ ಕೆಸರು ತೊಳೆಯತೊಡಗಿದರು. ಒಳಗಿನಿಂದ ಮುದುಕಿ "ಯಾರು ಬಂದವ್ರು?" ಅಂತ ಕೇಳಿದರು. ಸೊಸೆ ಕೆಸರು ಪೂರ್ತಿ ಹೋಗುವವರೆಗೂ ತಿಕ್ಕಿ, ನೀರು ಚೆಲ್ಲಿ, ಸೆರಗಿಗೆ ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದರು.

"ಸಾಕು, ಓಗಿ," ಅಂದರು. "ಬಸ್ಸಿನ್ ಒತ್ತಾಯ್ತು."